ಸೋತವರಿಗೂ ಬಾಗಿಲು ತೆರೆದಿದ್ದ ಕಪ್

ಬ್ಯಾಂಗೋರ್ ಉತ್ತರ ವೇಲ್ಸ್‌ನ ಕಡಲಂಚಿನ ಪುಟ್ಟ ಊರು. ಹಳೆಯದೊಂದು ಕೆಥೆಡ್ರಲ್, ಒಂದು ವಿಶ್ವವಿದ್ಯಾಲಯ, ಕಿರಿದಾದ ಮೆನಾಯ್ ಜಲಸಂಧಿ, ಅದರಾಚೆ ಆಂಗಲ್ಸಿ ದ್ವೀಪ. 1962ರ ಸೆಪ್ಟೆಂಬರ್ 5ರಂದು ಈ ಊರಿನ ಫ್ಯಾರರ್ ರೋಡ್ ಮೈದಾನಕ್ಕೆ ಇಟಲಿಯ ನಾಪೋಲಿ ತಂಡ ಆಡಲು ಬಂತು. ನಾಪೋಲಿ ದೊಡ್ಡ ನಗರದ ದೊಡ್ಡ ಕ್ಲಬ್, ಆಟವೇ ಕಸುಬಾದವರ ತಂಡ. ಬ್ಯಾಂಗೋರ್ ಸಿಟಿ ಆಡುತ್ತಿದ್ದುದು ಚೆಷೈರ್ ಕೌಂಟಿ ಲೀಗಿನಲ್ಲಿ. ಇಂಗ್ಲೆಂಡಿನ ನಾಲ್ಕು ವೃತ್ತಿಪರ ಡಿವಿಜನ್‌ಗಳಿಗೂ ಹೊರಗಿದ್ದ ಲೀಗ್ ಅದು, ಆಟಗಾರರೆಲ್ಲ ಅರೆಕಾಲಿಕರು. ಅವರ ಮ್ಯಾನೇಜರ್ ಟಿ.ಜಿ. ಜೋನ್ಸ್ ಮಾತ್ರ ಒಂದು ಕಾಲಕ್ಕೆ ಎವರ್ಟನ್ ಮತ್ತು ವೇಲ್ಸ್ ತಂಡಗಳ ಹೆಸರಾಂತ ಡಿಫೆಂಡರ್. ಆ ದಿನ ಬ್ಯಾಂಗೋರ್ 2–0ಯಿಂದ ಗೆದ್ದುಬಿಟ್ಟಿತು.

ಮೂರು ವಾರ ಕಳೆದು ನೇಪಲ್ಸ್‌ನಲ್ಲಿ ಎರಡನೇ ಪಂದ್ಯ. ಅಲ್ಲಿ ನಾಪೋಲಿ 3–1ರಿಂದ ಗೆದ್ದಿತು. ಎರಡೂ ಪಂದ್ಯ ಕೂಡಿಸಿದರೆ 3–3, ಸಮ ಸಮ. ಬ್ಯಾಂಗೋರ್ ಎದುರಾಳಿಯ ಅಂಗಳದಲ್ಲಿ ಒಂದು ಗೋಲು ಹೊಡೆದಿತ್ತು, ನಾಪೋಲಿ ಫ್ಯಾರರ್ ರೋಡಿನಲ್ಲಿ ಒಂದನ್ನೂ ಹೊಡೆದಿರಲಿಲ್ಲ. ಇದೇ ಫಲಿತಾಂಶ ನಾಲ್ಕು ವರ್ಷ ತಡವಾಗಿ ಬಂದಿದ್ದರೆ ‘ಹೊರಗಿನ ಗೋಲಿಗೆ ಹೆಚ್ಚು ಬೆಲೆ’ ಎಂಬ ನಿಯಮದಡಿ ಮುಂದಿನ ಸುತ್ತಿಗೆ ಹೋಗುತ್ತಿದ್ದುದು ವೇಲ್ಸ್‌ನ ಈ ಹುಡುಗರೇ. 1962ರಲ್ಲಿ ಆ ನಿಯಮ ಹುಟ್ಟಿರಲಿಲ್ಲ. ಹಾಗಾಗಿ ಮೂರನೇ ಪಂದ್ಯ ಗೊತ್ತುಮಾಡಿದರು, ಲಂಡನ್ನಿನ ಹೈಬರಿಯಲ್ಲಿ, ಅಕ್ಟೋಬರ್ 10ಕ್ಕೆ. ನಾಪೋಲಿ 2–1ರಿಂದ ಪಾರಾಯಿತು.

ಬ್ಯಾಂಗೋರಿನಂಥ ಊರಿಗೂ ನೇಪಲ್ಸ್‌ನಂಥ ನಗರಕ್ಕೂ ಫುಟ್‌ಬಾಲಿನಲ್ಲಿ ಗಂಟುಬಿದ್ದದ್ದು ಹೇಗೆ? ಯುರೋಪಿಯನ್ ಕಪ್ ವಿನ್ನರ್ಸ್ ಕಪ್ ಎಂಬ ಟೂರ್ನಿಯಿಂದ. 1960ರಲ್ಲಿ ಶುರುವಾಗಿ 1999ರಲ್ಲಿ ನಿಂತುಹೋದ ಈ ಟೂರ್ನಿ 39 ಸೀಸನ್ ನಡೆಯಿತು. ಇಂದು ರಾತ್ರಿ ನಿದ್ದೆಗೆಟ್ಟು ಚಾಂಪಿಯನ್ಸ್ ಲೀಗ್ ನೋಡುವ ಹೊಸ ತಲೆಮಾರಿನ ಅಭಿಮಾನಿಗಳಲ್ಲಿ ಅನೇಕರಿಗೆ ಇದರ ಹೆಸರೂ ಗೊತ್ತಿಲ್ಲ. ಯುರೋಪಿನ ಮೂರು ದೊಡ್ಡ ಕ್ಲಬ್ ಟೂರ್ನಿಗಳಲ್ಲಿ ಹಣದಲ್ಲಿ, ವರ್ಚಸ್ಸಿನಲ್ಲಿ ಇದು ಮೊದಲನೆಯದಾಗಿರಲಿಲ್ಲ. ಆದರೆ ಸಣ್ಣ ಊರಿನ ತಂಡಕ್ಕೆ ದೊಡ್ಡ ಕನಸು ಕಾಣುವ ಹಕ್ಕನ್ನು ಇದರಷ್ಟು ಧಾರಾಳವಾಗಿ ಕೊಟ್ಟ ಟೂರ್ನಿ ಇನ್ನೊಂದಿರಲಿಲ್ಲ.

ಯುರೋಪಿನ ಬಹುಪಾಲು ದೇಶಗಳಲ್ಲಿ ಪ್ರತಿ ವರ್ಷ ಎರಡು ಸ್ಪರ್ಧೆಗಳು ಜೊತೆಜೊತೆಗೇ ನಡೆಯುತ್ತವೆ. ಒಂದು ಲೀಗ್. ಎಲ್ಲರೂ ಎಲ್ಲರ ಜೊತೆ ಎರಡೆರಡು ಸಲ ಆಡಿ, ಅಂಕ ಕೂಡಿಸಿ, ಒಂಬತ್ತು ತಿಂಗಳ ಕೊನೆಗೆ ಮೇಲಿರುವವರು ಚಾಂಪಿಯನ್. ಇನ್ನೊಂದು ಕಪ್. ಸೋತವರು ಅವತ್ತೇ ಮನೆಗೆ. ವಯಸ್ಸಿನಲ್ಲಿ ಕಪ್ಪೇ ಹಿರಿಯಣ್ಣ: ಇಂಗ್ಲೆಂಡಿನ ಎಫ್‌ಎ ಕಪ್ 1871ರಲ್ಲಿ ಆರಂಭವಾದರೆ ಅಲ್ಲಿನ ಲೀಗ್ ಶುರುವಾದದ್ದು 1888ರಲ್ಲಿ. ಲೀಗ್ ಗೆಲ್ಲಲು ದೊಡ್ಡ ತಂಡ, ದೊಡ್ಡ ಖಜಾನೆ, ಗಾಯಗೊಂಡವರ ಜಾಗ ತುಂಬಲು ಆಳುಕಾಳು ಬೇಕು. ಕಪ್ ಗೆಲ್ಲಲು ಐದಾರು ಒಳ್ಳೆಯ ದಿನಗಳು ಸಾಕು. 1955ರಲ್ಲಿ ಶುರುವಾದ ಯುರೋಪಿಯನ್ ಕಪ್ ಲೀಗ್ ಚಾಂಪಿಯನ್ನರಿಗೆ ಮೀಸಲಾಯಿತು. ಕಪ್ ಗೆದ್ದವರಿಗೂ ಹಾಗೊಂದು ವೇದಿಕೆ ಬೇಕೆಂಬ ಯೋಚನೆ ಅದರ ಬೆನ್ನಿಗೇ ಬಂತು.

ಮೊದಲ ವರ್ಷ, 1960–61ರಲ್ಲಿ, ಬಂದದ್ದು ಹತ್ತೇ ತಂಡಗಳು. ಅದನ್ನು ನಡೆಸಿದ್ದೂ ಮಧ್ಯ ಯುರೋಪಿನ ಹಳೆಯ ಮಿಟ್ರೋಪಾ ಕಪ್ಪಿನ ಸಂಘಟಕರು. ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ ಮರುವರ್ಷ ಹೊಣೆ ಹೊತ್ತುಕೊಂಡಿತು. ಮೊದಲ ಫೈನಲ್ ಎರಡು ಪಂದ್ಯಗಳದ್ದು. ಇಟಲಿಯ ಫಿಯೊರೆಂಟಿನಾ ಗ್ಲಾಸ್ಗೋದಲ್ಲಿ ರೇಂಜರ್ಸ್ ತಂಡವನ್ನು 2–0ಯಿಂದ, ಫ್ಲಾರೆನ್ಸ್‌ನಲ್ಲಿ 2–1ರಿಂದ ಸೋಲಿಸಿತು. ಮುಂದೆ ಫೈನಲ್ ಒಂದೇ ಪಂದ್ಯವಾಯಿತು. 1963ರ ಮೇ 15ರಂದು ರೋಟರ್‌ಡ್ಯಾಮ್‌ನಲ್ಲಿ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ಅಟ್ಲೆಟಿಕೊ ಮ್ಯಾಡ್ರಿಡ್ ತಂಡವನ್ನು 5–1ರಿಂದ ಹಣಿಯಿತು. ಯುರೋಪಿನ ಟ್ರೋಫಿಯೊಂದನ್ನು ಬ್ರಿಟನ್ನಿಗೆ ತಂದ ಮೊದಲ ತಂಡ ಅದು. ಅಷ್ಟು ಹೊತ್ತಿಗೆ ಟೂರ್ನಿ ಬೇರುಬಿಟ್ಟಿತ್ತು.

ಇದರ ನಿಯಮಾವಳಿಯಲ್ಲಿ ಒಂದು ಸಣ್ಣ ಕಲಮು ಇತ್ತು. ಇಡೀ ಟೂರ್ನಿಯ ಜೀವ ಅಡಗಿದ್ದುದು ಅದರಲ್ಲೇ. ಒಂದು ದೇಶದ ಕಪ್ ಗೆದ್ದ ತಂಡವೇ ಲೀಗನ್ನೂ ಗೆದ್ದರೆ ಅದು ಚಾಂಪಿಯನ್ನರ ಟೂರ್ನಿಗೆ ಹೋಗುತ್ತದೆ. ಅದರ ಜಾಗದಲ್ಲಿ ಕಪ್ ಫೈನಲಿನಲ್ಲಿ ಸೋತವರು ಇಲ್ಲಿಗೆ ಬರುತ್ತಾರೆ. ಹಾಗೆ ಸೋತು ಬಂದವರೇ ಯುರೋಪ್ ಗೆದ್ದ ಉದಾಹರಣೆಗಳಿವೆ. ರೇಂಜರ್ಸ್ 1971ರ ಸ್ಕಾಟಿಷ್ ಕಪ್ ಫೈನಲಿನಲ್ಲಿ ತನ್ನ ಬದ್ಧ ಎದುರಾಳಿ ಸೆಲ್ಟಿಕ್‌ಗೆ ಸೋತಿತು, ಮರುವರ್ಷ ಕಪ್ ವಿನ್ನರ್ಸ್ ಕಪ್ ಎತ್ತಿತು. ಬೆಲ್ಜಿಯಂನ ಆಂಡರ್‌ಲೆಕ್ಟ್ 1977ರಲ್ಲಿ ತನ್ನ ದೇಶದ ಕಪ್ ಕಳೆದುಕೊಂಡು 1978ರಲ್ಲಿ ಇದನ್ನು ಗೆದ್ದಿತು.

ವೇಲ್ಸ್‌ನ ಮರ್ಥರ್ ಟಿಡ್‌ಫಿಲ್ ಕಥೆಯೂ ಇದೇ ಕಲಮಿಗೆ ಹೆಣೆದುಕೊಂಡಿದೆ. ಕಬ್ಬಿಣ, ಕಲ್ಲಿದ್ದಲುಗಳಿಂದ ಬೆಳೆದು, ಅವೆರಡೂ ಕೈಬಿಟ್ಟ ಮೇಲೆ ಬಡವಾದ ಊರದು. 1987ರಲ್ಲಿ ಅದರ ಅರೆಕಾಲಿಕ ತಂಡ ವೆಲ್ಷ್ ಕಪ್ ಗೆದ್ದಿತು. ಅದೇ ವರ್ಷ ಇಟಲಿಯಲ್ಲಿ ಮರಡೋನಾನ ನಾಪೋಲಿ ಲೀಗ್, ಕಪ್ ಎರಡನ್ನೂ ಬಾಚಿಕೊಂಡಿದ್ದರಿಂದ ಫೈನಲಿನಲ್ಲಿ ಸೋತಿದ್ದ ಅಟಲಾಂಟಾಕ್ಕೆ ಯುರೋಪಿನ ಟಿಕೆಟ್ ಸಿಕ್ಕಿತು. ಪೆನಿಡ್ಯಾರೆನ್ ಪಾರ್ಕಿನ ಇಕ್ಕಟ್ಟಿನ ಮೈದಾನದಲ್ಲಿ ಮರ್ಥರ್ 2–1ರಿಂದ ಅಟಲಾಂಟಾವನ್ನು ಸೋಲಿಸಿತು. ಮರುಪಂದ್ಯ ಕಳೆದುಕೊಂಡು ಹೊರಬಿದ್ದದ್ದು ಬೇರೆ ಮಾತು. ಅಟಲಾಂಟಾ ಅಲ್ಲಿಂದ ಸೆಮಿಫೈನಲ್‌ವರೆಗೆ ಹೋಯಿತು. ಆಗ ಅದು ಇಟಲಿಯ ಎರಡನೇ ದರ್ಜೆಯ ಲೀಗಿನಲ್ಲಿದ್ದ ತಂಡ! ವೇಲ್ಸ್‌ನವರಂತೂ ಈ ಟೂರ್ನಿಯನ್ನು ತಮ್ಮದೇ ಎಂಬಷ್ಟು ಹಚ್ಚಿಕೊಂಡಿದ್ದರು. ಕಾರ್ಡಿಫ್ ಸಿಟಿ 1968ರಲ್ಲಿ ಸೆಮಿಫೈನಲ್ ತಲುಪಿತು, 1971ರಲ್ಲಿ ತನ್ನ ಅಂಗಳದಲ್ಲಿ ರಿಯಲ್ ಮ್ಯಾಡ್ರಿಡನ್ನು 1–0ಯಿಂದ ಸೋಲಿಸಿತು. ನಾಲ್ಕನೇ ಡಿವಿಜನ್ನಿನ ರೆಕ್ಸಮ್ 1984ರಲ್ಲಿ ಪೋರ್ಟೊವನ್ನು ಟೂರ್ನಿಯಿಂದಲೇ ಹೊರದಬ್ಬಿತು.

ಪಂದ್ಯದ ಕ್ರಮ ಸರಳ. ಒಂದು ಸುತ್ತಿನಲ್ಲಿ ಎರಡು ಪಂದ್ಯ: ಒಂದು ತವರಿನಲ್ಲಿ, ಒಂದು ಎದುರಾಳಿಯ ಊರಲ್ಲಿ. ಒಟ್ಟು ಗೋಲು ಯಾರದು ಹೆಚ್ಚೋ ಅವರು ಮುಂದಕ್ಕೆ. ಫೈನಲ್ ಮಾತ್ರ ಮೂರನೆಯ ಊರಿನಲ್ಲಿ. ಗುಂಪು ಹಂತ, ಅಂಕಪಟ್ಟಿ, ಲೆಕ್ಕಾಚಾರ ಯಾವುದೂ ಇಲ್ಲ. ಗೋಲು ಸಮವಾದಾಗ ಏನು ಮಾಡಬೇಕೆಂಬುದೇ ಹೆಚ್ಚಿನ ತಲೆನೋವು. ಆಧುನಿಕ ಫುಟ್‌ಬಾಲ್ ಈ ತಲೆನೋವಿಗೆ ಕಂಡುಕೊಂಡ ಮದ್ದುಗಳಲ್ಲಿ ಹಲವು ಪ್ರಯೋಗವಾದದ್ದು ಇಲ್ಲೇ. ಹೊರಗಿನ ಗೋಲಿನ ನಿಯಮ ಮೊದಲು ಬಳಕೆಗೆ ಬಂದದ್ದು 1965–66ರ ಕಪ್ ವಿನ್ನರ್ಸ್ ಕಪ್ಪಿನಲ್ಲಿ. ಅದರ ಲಾಭ ಪಡೆದದ್ದು ಬುಡಾಪೆಸ್ಟಿನ ಹೊನ್‌ವೆಡ್, ಪೆಟ್ಟು ತಿಂದದ್ದು ಪ್ರಾಗ್‌ನ ಡುಕ್ಲಾ. ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಜಗತ್ತಿನ ಫುಟ್‌ಬಾಲನ್ನು ಆಳಿದ ಈ ನಿಯಮವನ್ನು ಯುಇಎಫ್‌ಎ ಕೈಬಿಟ್ಟದ್ದು 2021ರಲ್ಲಿ.

ಆ ನಿಯಮವೂ ಸಾಲದಾದಾಗ? 1970ರ ಸೆಮಿಫೈನಲಿನಲ್ಲಿ ಪೋಲೆಂಡಿನ ಗಣಿ ಊರಿನ ತಂಡ ಗೂರ್ನಿಕ್ ಜಾಬ್ಜೆಗೆ ಎದುರಾದದ್ದು ಇಟಲಿಯ ರೋಮಾ. ರೋಮ್‌ನಲ್ಲಿ ಡ್ರಾ, ಪೋಲೆಂಡಿನಲ್ಲಿ ಡ್ರಾ, ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಮೂರನೇ ಸಲ ಆಡಿಸಿದರೆ ಅದೂ ಡ್ರಾ. ಐದು ಗಂಟೆಗೂ ಮೀರಿ ಓಡಿದ ಆಟಗಾರರು ಮೈದಾನದ ಮಧ್ಯೆ ನಿಂತರು, ರೆಫರಿ ಒಂದು ನಾಣ್ಯ ತೆಗೆದು ಚಿಮ್ಮಿದರು. ಗೂರ್ನಿಕ್ ನಾಯಕ ಸ್ಟಾನಿಸ್ಲಾವ್ ಒಶ್ಲಿಜ್ಲೊ ಕೈ ಮೇಲೆತ್ತಿ ಕುಣಿದಾಡಿಬಿಟ್ಟರು. ರೋಮಾದವರಿಗೆ ಅದು ಎಂಥ ಘಳಿಗೆಯಾಗಿರಬೇಕು! ಆಟದಲ್ಲಿ ಒಮ್ಮೆಯೂ ಸೋಲದೆ ಒಂದು ಬಿಲ್ಲೆಯ ಮಗ್ಗುಲಿಗೆ ಬಲಿಯಾದವರು ಅವರು. ಮರು ಸೀಸನ್‌ನಿಂದ ನಾಣ್ಯದ ಜಾಗಕ್ಕೆ ಪೆನಾಲ್ಟಿ ಶೂಟೌಟ್ ಬಂತು. ವಿಯೆನ್ನಾದ ಜಡಿಮಳೆಯಲ್ಲಿ, ಕೆಲವೇ ಸಾವಿರ ಜನರೆದುರು ನಡೆದ 1970ರ ಫೈನಲಿನಲ್ಲಿ ಗೂರ್ನಿಕ್ 2–1ರಿಂದ ಮ್ಯಾಂಚೆಸ್ಟರ್ ಸಿಟಿಗೆ ಸೋತಿತು. ಅದೇ ರಾತ್ರಿ ಇಂಗ್ಲೆಂಡಿನಲ್ಲಿ ಎಫ್‌ಎ ಕಪ್ ಫೈನಲಿನ ಮರುಪಂದ್ಯ. ಅಲ್ಲಿನ ಟೀವಿಗಳೆಲ್ಲ ತಿರುಗಿದ್ದು ಆ ಕಡೆಗೆ.

ಗೋಲು ಸಮವಾದಾಗಿನ ಹೊಸ ನಿಯಮಗಳು ರೆಫರಿಗಳಿಗೂ ಬೇಗ ತಲೆಗೆ ಹೋಗಲಿಲ್ಲ. 1971ರಲ್ಲಿ ರೇಂಜರ್ಸ್ ಗ್ಲಾಸ್ಗೋದಲ್ಲಿ ಸ್ಪೋರ್ಟಿಂಗ್ ಲಿಸ್ಬನ್ ತಂಡವನ್ನು 3–2ರಿಂದ ಸೋಲಿಸಿತ್ತು. ಲಿಸ್ಬನ್ನಿನಲ್ಲಿ ನಿಗದಿತ ಅವಧಿ ಮುಗಿದಾಗ 3–2ರಿಂದ ಸ್ಪೋರ್ಟಿಂಗ್ ಮುಂದಿತ್ತು. ಹೆಚ್ಚುವರಿ ಅವಧಿಯಲ್ಲಿ ಇಬ್ಬರದೂ ಒಂದೊಂದು ಗೋಲು. ಒಟ್ಟು 6–6. ಡಚ್ ರೆಫರಿ ಪೆನಾಲ್ಟಿ ಶೂಟೌಟ್‌ಗೆ ಕರೆದರು. ರೇಂಜರ್ಸ್ ಅದರಲ್ಲಿ ಸೋತಿತು, ಸ್ಪೋರ್ಟಿಂಗ್ ಬೆಂಬಲಿಗರು ಸಂಭ್ರಮದಲ್ಲಿ ಮುಳುಗಿದರು, ಸ್ಕಾಟ್‌ಲೆಂಡಿನ ಹುಡುಗರು ಡ್ರೆಸಿಂಗ್ ರೂಮಿನಲ್ಲಿ ತಲೆತಗ್ಗಿಸಿ ಕೂತರು. ಆಮೇಲೆ ನಿಯಮ ಪುಸ್ತಕ ತೆರೆದು ನೋಡಿದರೆ ಶೂಟೌಟ್ ನಡೆಯಲೇಬಾರದಿತ್ತು! ಹೆಚ್ಚುವರಿ ಅವಧಿಯದೂ ಸೇರಿ ರೇಂಜರ್ಸ್ ಹೊರಗೆ ಮೂರು ಗೋಲು ಹೊಡೆದಿತ್ತು, ಸ್ಪೋರ್ಟಿಂಗ್ ಎರಡೇ. ಗೆಲುವು ರೇಂಜರ್ಸ್‌ಗೆ ಮರಳಿತು. ಬಾರ್ಸಿಲೋನಾದಲ್ಲಿ ನಡೆದ ಫೈನಲಿನಲ್ಲಿ ಡೈನಮೊ ಮಾಸ್ಕೋ ತಂಡವನ್ನು ಅದು 3–2ರಿಂದ ಮಣಿಸಿತು. ಬೆಂಬಲಿಗರು ಮೈದಾನಕ್ಕೆ ನುಗ್ಗಿ ಪೊಲೀಸರೊಂದಿಗೆ ಬಡಿದಾಡಿದ್ದರಿಂದ ಕಪ್ಪನ್ನು ಕ್ರೀಡಾಂಗಣದ ಒಳಗಿನ ಕೋಣೆಯೊಂದರಲ್ಲಿ ಕೊಡಬೇಕಾಗಿ ಬಂತು.

ಯುರೋಪ್ ಆಗ ಎರಡು ಹೋಳಾಗಿತ್ತು. ಪೂರ್ವದ ಕಮ್ಯುನಿಸ್ಟ್ ದೇಶಗಳ ಕ್ಲಬ್‌ಗಳು ಈ ಟೂರ್ನಿಯನ್ನು ಐದು ಸಲ ಗೆದ್ದಿವೆ. ಚಾಂಪಿಯನ್ನರ ಯುರೋಪಿಯನ್ ಕಪ್ ಆ ಕಡೆಗೆ ಹೋದದ್ದು ಎರಡೇ ಸಲ, 1986ರಲ್ಲಿ ಸ್ಟೆವಾ ಬುಕಾರೆಸ್ಟ್‌ಗೆ, 1991ರಲ್ಲಿ ರೆಡ್ ಸ್ಟಾರ್ ಬೆಲ್‌ಗ್ರೇಡ್‌ಗೆ. ಈ ಐದರಲ್ಲಿ ಮೊದಲನೆಯದರ ಹಿಂದೆ ಟ್ಯಾಂಕುಗಳ ಸದ್ದಿದೆ. 1968ರ ಆಗಸ್ಟಿನಲ್ಲಿ ಸೋವಿಯತ್ ನೇತೃತ್ವದ ಪಡೆಗಳು ಚೆಕೊಸ್ಲೊವಾಕಿಯಾಕ್ಕೆ ನುಗ್ಗಿದವು. ಪಶ್ಚಿಮದ ಕ್ಲಬ್‌ಗಳು ಆಕ್ರಮಣಕಾರಿ ದೇಶಗಳ ತಂಡಗಳೊಂದಿಗೆ ಆಡಲು ಒಪ್ಪದಾದಾಗ ಯುಇಎಫ್‌ಎ ಪೂರ್ವವನ್ನೂ ಪಶ್ಚಿಮವನ್ನೂ ಬೇರ್ಪಡಿಸಿ ಎದುರಾಳಿಗಳನ್ನು ಆರಿಸುವ ಚೀಟಿ ಮತ್ತೊಮ್ಮೆ ಎತ್ತಿತು. ಅದನ್ನು ಪ್ರತಿಭಟಿಸಿ ಸೋವಿಯತ್ ಬಣದ ಹೆಚ್ಚಿನ ತಂಡಗಳು ಹಿಂದೆ ಸರಿದವು. ಆಕ್ರಮಣಕ್ಕೆ ತುತ್ತಾದ ದೇಶದ ಸ್ಲೊವಾನ್ ಬ್ರಾಟಿಸ್ಲಾವಾ ಕಣದಲ್ಲಿ ಉಳಿಯಿತು. ಪೋರ್ಟೊ, ಟೊರಿನೊ, ಡನ್‌ಫರ್ಮ್‌ಲಿನ್ ತಂಡಗಳನ್ನು ಒಂದೊಂದಾಗಿ ದಾಟಿ 1969ರ ಮೇ 21ರಂದು ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಬಾರ್ಸಿಲೋನಾ ಎದುರು ನಿಂತಿತು. ಎರಡನೇ ನಿಮಿಷಕ್ಕೇ ಲುಡೊವಿಟ್ ಸ್ವೆಟ್ಲರ್ ಗೋಲು. ವಿರಾಮದ ಹೊತ್ತಿಗೆ 3–1, ಕೊನೆಗೆ 3–2. ಬೀದಿಗಳಲ್ಲಿ ಪರದೇಶದ ಸೈನಿಕರಿದ್ದ ದೇಶಕ್ಕೆ ಆ ಕಪ್ ಏನಾಗಿ ಕಂಡಿತೆಂದು ಊಹಿಸುವುದು ಕಷ್ಟವಲ್ಲ.

ಐದು ವರ್ಷದ ನಂತರ ಪೂರ್ವ ಜರ್ಮನಿಯ ಮ್ಯಾಗ್ಡೆಬರ್ಗ್ ರೋಟರ್‌ಡ್ಯಾಮ್‌ನಲ್ಲಿ ಎಸಿ ಮಿಲಾನ್ ತಂಡವನ್ನು 2–0ಯಿಂದ ಸೋಲಿಸಿತು. ಕೋಚ್ ಹೈನ್ಜ್ ಕ್ರ್ಯೂಗೆಲ್ ಕೈಯಲ್ಲಿದ್ದ ಹುಡುಗರೆಲ್ಲ ಅದೇ ಪ್ರಾಂತ್ಯದವರು. ಪೂರ್ವ ಜರ್ಮನಿಯಿಂದ ಬೆಂಬಲಿಗರು ಬಿಡುಬೀಸಾಗಿ ಬರುವಂತಿರಲಿಲ್ಲ. ಅಷ್ಟು ದೊಡ್ಡ ಕ್ರೀಡಾಂಗಣದಲ್ಲಿ ಇದ್ದದ್ದು ಐದು ಸಾವಿರದಷ್ಟು ಜನ. ಗೆದ್ದವರು ಬಿಳಿಯ ಸ್ನಾನದ ನಿಲುವಂಗಿ ತೊಟ್ಟು, ಕಪ್ ಹಿಡಿದು, ಆ ಖಾಲಿ ಮೆಟ್ಟಿಲುಗಳ ಮುಂದೆ ಸುತ್ತು ಹಾಕಿದರು. ಆ ಚಿತ್ರ ಇಂದಿಗೂ ಮ್ಯಾಗ್ಡೆಬರ್ಗಿನವರಿಗೆ ಪೂಜೆಯ ಪಟದ ಹಾಗೆ. ಪೂರ್ವ ಜರ್ಮನಿಯ ಕ್ಲಬ್ ಗೆದ್ದ ಒಂದೇ ಒಂದು ಯುರೋಪಿಯನ್ ಟ್ರೋಫಿ ಅದು. ಆ ತಂಡದಲ್ಲಿದ್ದ ಯುರ್ಗೆನ್ ಸ್ಪಾರ್‌ವಾಸರ್ ಕೆಲವೇ ವಾರಗಳಲ್ಲಿ ವಿಶ್ವಕಪ್ಪಿನಲ್ಲಿ ಪಶ್ಚಿಮ ಜರ್ಮನಿಯ ವಿರುದ್ಧ ಗೆಲುವಿನ ಗೋಲು ಹೊಡೆದು ಚರಿತ್ರೆ ಸೇರಿದ.

ಜಾರ್ಜಿಯಾದ ಡೈನಮೊ ಟಿಬಿಲಿಸಿ 1981ರಲ್ಲಿ ಲಂಡನ್ನಿಗೆ ಬಂದು ವೆಸ್ಟ್ ಹ್ಯಾಮ್ ತಂಡವನ್ನು ಅದರ ಅಂಗಳದಲ್ಲೇ 4–1ರಿಂದ ಕೆಡವಿತು. ಚಿವಾಡ್ಜೆ, ಕಿಪಿಯಾನಿ, ಶೆಂಗೆಲಿಯಾರ ಆಟ ಕಂಡು ಅಪ್ಟನ್ ಪಾರ್ಕಿನ ಜನ ತಮ್ಮ ತಂಡದ ಸೋಲನ್ನೂ ಮರೆತು ಚಪ್ಪಾಳೆ ತಟ್ಟಿದರು. ಡುಸೆಲ್‌ಡಾರ್ಫ್‌ನ ಫೈನಲಿನಲ್ಲಿ ಎದುರಾಳಿ ಪೂರ್ವ ಜರ್ಮನಿಯ ಕಾರ್ಲ್ ಜೈಸ್ ಯೆನಾ. ಎರಡೂ ಪೂರ್ವದ ತಂಡಗಳಾದ್ದರಿಂದ ಸ್ಟ್ಯಾಂಡುಗಳು ಹೆಚ್ಚುಕಡಿಮೆ ಖಾಲಿ. 1–1 ಇದ್ದಾಗ, ಪಂದ್ಯ ಮುಗಿಯಲು ಕೆಲವೇ ನಿಮಿಷ ಇರುವಾಗ, ವಿಟಾಲಿ ದರಾಸೆಲಿಯಾ ಚೆಂಡಿನೊಂದಿಗೆ ಒಳನುಗ್ಗಿ ಇಬ್ಬರನ್ನು ತಪ್ಪಿಸಿ ಹೊಡೆದ ಗೋಲು ಜಾರ್ಜಿಯಾದ ಮನೆಮನೆಯ ನೆನಪು. ಮರುವರ್ಷ ಡಿಸೆಂಬರಿನಲ್ಲಿ ಕಾರು ಅಪಘಾತದಲ್ಲಿ ಆತ ತೀರಿಕೊಂಡ. ವಯಸ್ಸು ಆಗಿನ್ನೂ 25.

ಉಳಿದೆರಡು ಗೆಲುವು ಡೈನಮೊ ಕೀವ್ ತಂಡದವು, 1975 ಮತ್ತು 1986ರಲ್ಲಿ. ಎರಡನೆಯದರ ತಾರೀಖು ಮೇ 2. ಕೀವ್‌ನಿಂದ ನೂರು ಕಿಲೋಮೀಟರ್ ಆಸುಪಾಸಿನ ಚೆರ್ನೋಬಿಲ್ ಅಣುಸ್ಥಾವರ ಸ್ಫೋಟಗೊಂಡು ಆರೇ ದಿನವಾಗಿತ್ತು. ಕೋಚ್ ಲೊಬನೊವ್‌ಸ್ಕಿ ಪಳಗಿಸಿದ ಆ ತಂಡ ಫ್ರಾನ್ಸ್‌ನ ಲಿಯಾನ್‌ನಲ್ಲಿ ಅಟ್ಲೆಟಿಕೊ ಮ್ಯಾಡ್ರಿಡನ್ನು 3–0ಯಿಂದ ಮುಗಿಸಿತು. ಎಡದಿಂದ ಬಲಕ್ಕೆ ತಲೆ ಎತ್ತಿಯೂ ನೋಡದೆ ಚೆಂಡು ದಾಟಿಸುತ್ತ ಹೋಗಿ ಕೊನೆಗೆ ಓಲೆಗ್ ಬ್ಲೊಖಿನ್ ಕಾಲಿಗೆ ಮುಟ್ಟಿಸಿದ ಎರಡನೇ ಗೋಲನ್ನು ಕೋಚ್‌ಗಳು ಈಗಲೂ ಪಾಠದಂತೆ ತೋರಿಸುತ್ತಾರೆ.

ಪಶ್ಚಿಮದಲ್ಲಿ ಈ ಕಪ್ಪಿನ ಅತ್ಯಂತ ಸುಂದರ ರಾತ್ರಿ ಯಾವುದೆಂದರೆ 1983ರ ಮೇ 11 ಎನ್ನಬೇಕು. ಸ್ಕಾಟ್‌ಲೆಂಡಿನ ಈಶಾನ್ಯ ತುದಿಯ ಅಬರ್ಡೀನ್, ಮೀನುಗಾರಿಕೆ ಮತ್ತು ಗ್ರಾನೈಟ್ ಕಲ್ಲಿನ ಊರು. ತರುಣ ಮ್ಯಾನೇಜರ್ ಅಲೆಕ್ಸ್ ಫರ್ಗ್ಯುಸನ್. ಕ್ವಾರ್ಟರ್‌ಫೈನಲಿನಲ್ಲಿ ಬಯರ್ನ್ ಮ್ಯೂನಿಕ್ ಎದುರು 2–1ರಿಂದ ಹಿಂದಿದ್ದಾಗ ಫ್ರೀಕಿಕ್ ಒಂದು ಸಿಕ್ಕಿತು. ಸ್ಟ್ರಾಕನ್ ಮತ್ತು ಮೆಕ್‌ಮಾಸ್ಟರ್ ಚೆಂಡಿನ ಬಳಿಗೆ ಒಟ್ಟಿಗೇ ಓಡಿ, ಇಬ್ಬರಿಗೂ ಗೊಂದಲವಾದಂತೆ ನಟಿಸಿ ನಿಂತರು. ಬಯರ್ನ್ ಆಟಗಾರರು ಮೈಮರೆತ ಆ ಕ್ಷಣಕ್ಕೆ ಸ್ಟ್ರಾಕನ್ ತಟ್ಟನೆ ತಿರುಗಿ ಚೆಂಡು ಎತ್ತಿ ಹಾಕಿದ, ಮೆಕ್‌ಲೀಷ್ ತಲೆಕೊಟ್ಟ, ಗೋಲು. ಒಂದೇ ನಿಮಿಷದ ಅಂತರದಲ್ಲಿ ಜಾನ್ ಹ್ಯೂವಿಟ್ ಮೂರನೆಯದು ಹೊಡೆದ. ಫೈನಲ್ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ. ಅಭಿಮಾನಿಗಳಲ್ಲಿ ಕೆಲವರು ಉತ್ತರ ಸಮುದ್ರ ದಾಟಿ ಹಡಗಿನಲ್ಲೇ ಬಂದರು. ಎದುರಿಗೆ ರಿಯಲ್ ಮ್ಯಾಡ್ರಿಡ್, ಅದರ ಕೋಚ್ ಆ ಕ್ಲಬ್ಬಿನ ಹಳೆಯ ತಾರೆ ಆಲ್‌ಫ್ರೆಡೊ ಡಿ ಸ್ಟೆಫಾನೊ. ಮಳೆಗೆ ನೆಂದು ಭಾರವಾದ ಮೈದಾನ, ಹೆಚ್ಚುವರಿ ಅವಧಿ, 112ನೇ ನಿಮಿಷ. ಮಾರ್ಕ್ ಮೆಗೀ ಎಡದಿಂದ ಕಳಿಸಿದ ಚೆಂಡಿಗೆ ಬದಲಿ ಆಟಗಾರ ಹ್ಯೂವಿಟ್ ಮೈಚಾಚಿ ಹಾರಿ ತಲೆ ಕೊಟ್ಟ. 2–1.

ಇಂಥ ಒಂದೊಂದು ಗೋಲೂ ಒಂದೊಂದು ಊರಿನ ಆಸ್ತಿ. 1964ರ ಫೈನಲ್ ಮರುಪಂದ್ಯದಲ್ಲಿ ಸ್ಪೋರ್ಟಿಂಗ್ ಲಿಸ್ಬನ್ ಗೆದ್ದದ್ದು ಜೊಆಂವ್ ಮೊರಾಯಿಸ್ ಕಾರ್ನರ್‌ನಿಂದ ನೇರ ಬಲೆಗೆ ಬಾಗಿಸಿದ ಒಂದೇ ಗೋಲಿನಿಂದ. ಅದೇ ಸೀಸನ್ನಿನಲ್ಲಿ ಸೈಪ್ರಸ್‌ನ ಅಪೊಯೆಲ್ ವಿರುದ್ಧ ಆ ತಂಡ ಹೊಡೆದ 16–1 ಯುರೋಪಿನ ದಾಖಲೆಗಳಲ್ಲಿ ಇನ್ನೂ ಅಲುಗಾಡದೆ ಕೂತಿದೆ. 1995ರ ಪ್ಯಾರಿಸ್ ಫೈನಲ್ 1–1ರಲ್ಲಿದ್ದು, 120ನೇ ನಿಮಿಷ ಓಡುತ್ತಿರುವಾಗ ರಿಯಲ್ ಜರಗೋಜಾದ ನಯೀಮ್ ಬಲಬದಿಯ ಗೆರೆಯ ಹತ್ತಿರದಿಂದ, ನಲವತ್ತು ಮೀಟರಿಗೂ ದೂರದಿಂದ ಚೆಂಡನ್ನು ಆಕಾಶಕ್ಕೆ ಎತ್ತಿದ. ಅರ್ಸೆನಲ್ ಗೋಲ್‌ಕೀಪರ್ ಡೇವಿಡ್ ಸೀಮನ್ ಹಿಂದಕ್ಕೆ ಓಡುತ್ತ ಕೈ ತಾಗಿಸಿದರೂ ತಡೆಯಲಾಗದೆ ಬಲೆಯೊಳಗೆ ಬಿದ್ದರು. ಹಿಂದೆ ಅರ್ಸೆನಲ್‌ನ ಬದ್ಧ ವೈರಿ ಟಾಟನ್‌ಹ್ಯಾಮ್‌ಗೆ ಆಡಿದ್ದ ನಯೀಮ್ ಹೆಸರಿನಲ್ಲಿ ಆ ಕಡೆಯ ಬೆಂಬಲಿಗರು ಹಾಡು ಕಟ್ಟಿದರು.

ಒಂದು ವಿಚಿತ್ರವಂತೂ ಕೊನೆಯವರೆಗೂ ಬಿಡಲಿಲ್ಲ. 39 ವರ್ಷಗಳಲ್ಲಿ ಒಂದೇ ಒಂದು ತಂಡವೂ ಈ ಕಪ್ಪನ್ನು ಸತತ ಎರಡು ಸಲ ಗೆಲ್ಲಲಿಲ್ಲ. ಹಿಂದಿನ ವರ್ಷದ ವಿಜೇತರು ಎಂಟು ಬಾರಿ ಫೈನಲ್‌ಗೆ ಬಂದರು, ಎಂಟೂ ಬಾರಿ ಸೋತರು. ನಾಲ್ಕು ಸಲ ಗೆದ್ದ ಬಾರ್ಸಿಲೋನಾಕ್ಕೂ ಈ ಶಾಪ ದಾಟಲಾಗಲಿಲ್ಲ.

ಆ ಬಾರ್ಸಿಲೋನಾದ ನಾಲ್ಕನೇ ಗೆಲುವಿನಲ್ಲೇ ಟೂರ್ನಿಯ ಸಾವಿನ ಸುಳಿವೂ ಇತ್ತು. 1992ರಲ್ಲಿ ಯುರೋಪಿಯನ್ ಕಪ್ ಚಾಂಪಿಯನ್ಸ್ ಲೀಗ್ ಆಗಿ ಹೆಸರು ಬದಲಿಸಿಕೊಂಡಿತ್ತು. ಟೀವಿ ಹಣ ಅದರತ್ತ ಹರಿಯತೊಡಗಿತ್ತು. 1997–98ರಿಂದ ದೊಡ್ಡ ದೇಶಗಳ ಲೀಗಿನಲ್ಲಿ ಎರಡನೇ ಸ್ಥಾನ ಪಡೆದವರಿಗೂ ಅಲ್ಲಿ ಪ್ರವೇಶ ಸಿಕ್ಕಿತು. 1997ರಲ್ಲಿ ರೊನಾಲ್ಡೊನ ಪೆನಾಲ್ಟಿಯಿಂದ ಕಪ್ ವಿನ್ನರ್ಸ್ ಕಪ್ ಗೆದ್ದ ಬಾರ್ಸಿಲೋನಾ ಸ್ಪೇನ್ ಲೀಗಿನಲ್ಲಿ ಎರಡನೆಯದಾಗಿತ್ತು. ಅದು ಗೆದ್ದ ಕಪ್ಪನ್ನು ಕಾಯ್ದುಕೊಳ್ಳಲು ಬರಲೇ ಇಲ್ಲ, ಚಾಂಪಿಯನ್ಸ್ ಲೀಗ್‌ಗೆ ಹೋಯಿತು. ಹಾಲಿ ವಿಜೇತರೇ ಇಲ್ಲದ ಟೂರ್ನಿಯನ್ನು ಯಾರು ಗೌರವಿಸುತ್ತಾರೆ? 1998ರಲ್ಲಿ ಮೀಡಿಯಾ ಪಾರ್ಟ್‌ನರ್ಸ್ ಎಂಬ ಇಟಲಿಯ ಕಂಪನಿ ದೊಡ್ಡ ಕ್ಲಬ್‌ಗಳಿಗಾಗಿ ಪ್ರತ್ಯೇಕ ಸೂಪರ್ ಲೀಗ್‌ನ ಪ್ರಸ್ತಾವ ಮುಂದಿಟ್ಟಾಗ ಯುಇಎಫ್‌ಎ ಬೆದರಿತು. ದೊಡ್ಡವರನ್ನು ಉಳಿಸಿಕೊಳ್ಳಲು ಚಾಂಪಿಯನ್ಸ್ ಲೀಗನ್ನು ಇನ್ನಷ್ಟು ಹಿಗ್ಗಿಸಿ, ಒಂದೇ ದೇಶದ ನಾಲ್ಕು ಕ್ಲಬ್‌ಗಳವರೆಗೆ ಜಾಗ ಕೊಟ್ಟಿತು. ಕಪ್ ವಿನ್ನರ್ಸ್ ಕಪ್ಪನ್ನು ಮುಚ್ಚಿ, ಕಪ್ ಗೆದ್ದವರನ್ನು ಮೂರು ಟೂರ್ನಿಗಳಲ್ಲಿ ಉಳಿದಿದ್ದ ಇನ್ನೊಂದಾದ ಯುಇಎಫ್‌ಎ ಕಪ್ಪಿಗೆ ಸೇರಿಸಿತು. 2021ರಲ್ಲಿ ಮೂರನೇ ಟೂರ್ನಿಯಾಗಿ ಕಾನ್ಫರೆನ್ಸ್ ಲೀಗ್ ಹುಟ್ಟಿತು. 1965ರಲ್ಲಿ ಕಪ್ ವಿನ್ನರ್ಸ್ ಕಪ್ ಗೆದ್ದಿದ್ದ ವೆಸ್ಟ್ ಹ್ಯಾಮ್ 58 ವರ್ಷಗಳ ನಂತರ ಅದನ್ನು ಗೆದ್ದಿತು. ಆದರೆ ಅಲ್ಲಿಗೆ ಹೋಗುವ ದಾರಿ ಬಹುಮಟ್ಟಿಗೆ ಲೀಗಿನ ಅಂಕಪಟ್ಟಿಯ ಮೂಲಕವೇ. ಹಳೆಯ ಟೂರ್ನಿಯ ತುಂಬಲಾರದ ನಷ್ಟ ಇರುವುದು ಇಲ್ಲಿ.

ಕಟ್ಟಕಡೆಯ ಫೈನಲ್ 1999ರ ಮೇ 19ರಂದು ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕಿನಲ್ಲಿ. ಒಂದು ಕಡೆ ಹಣ ಚೆಲ್ಲಿ ಕಟ್ಟಿದ ರೋಮ್‌ನ ಲಾಜಿಯೊ. ಇನ್ನೊಂದು ಕಡೆ ಮೆಡಿಟರೇನಿಯನ್ ದ್ವೀಪದ ಮಯೋರ್ಕಾ, ಯುರೋಪಿನಲ್ಲಿ ಮೊದಲ ಸಲ ಆಡುತ್ತಿದ್ದ ಕ್ಲಬ್. ಹಿಂದಿನ ವರ್ಷ ಸ್ಪೇನಿನ ಕಪ್ ಫೈನಲಿನಲ್ಲಿ ಅದು ಬಾರ್ಸಿಲೋನಾಕ್ಕೆ ಶೂಟೌಟ್‌ನಲ್ಲಿ ಸೋತಿತ್ತು. ಬಾರ್ಸಿಲೋನಾ ಲೀಗನ್ನೂ ಗೆದ್ದಿದ್ದರಿಂದ ಆ ಹಳೆಯ ಕಲಮಿನ ಬಲದಿಂದ ಇಲ್ಲಿಗೆ ಬಂದಿತ್ತು. ಸೆಮಿಫೈನಲಿನಲ್ಲಿ ಹಾಲಿ ವಿಜೇತ ಚೆಲ್ಸಿಯನ್ನೇ ಹೊರಹಾಕಿತ್ತು. ಏಳನೇ ನಿಮಿಷಕ್ಕೆ ಲಾಜಿಯೊದ ಕ್ರಿಶ್ಚಿಯನ್ ವಿಯೆರಿ ಗೋಲು ಹೊಡೆದರೆ ನಾಲ್ಕೇ ನಿಮಿಷದಲ್ಲಿ ಡಾನಿ ಸಮ ಮಾಡಿದ. 81ನೇ ನಿಮಿಷದಲ್ಲಿ ಪಾವೆಲ್ ನೆಡ್ವೆಡ್ ಮೈ ತಿರುಗಿಸಿ ಹೊಡೆದ ಚೆಂಡು ಬಲೆ ಸೇರಿತು. ಈ ಟೂರ್ನಿಯ ಕೊನೆಯ ಗೋಲು ಅದು.

ಅದೇ ಸೀಸನ್ನಿನಲ್ಲಿ ಮಯೋರ್ಕಾ ಸ್ಪೇನ್ ಲೀಗಿನಲ್ಲಿ ಮೂರನೇ ಸ್ಥಾನ ಪಡೆದಿದ್ದರಿಂದ ಹಿಗ್ಗಿದ ಚಾಂಪಿಯನ್ಸ್ ಲೀಗ್‌ನ ಅರ್ಹತಾ ಸುತ್ತು ಆಡುವ ಅವಕಾಶ ಸಿಕ್ಕಿತು. ಎದುರಾಳಿ ನಾರ್ವೆಯ ಮೋಲ್ಡೆ. ಅಲ್ಲಿ 0–0, ದ್ವೀಪದಲ್ಲಿ 1–1. ಎದುರಾಳಿಯ ಅಂಗಳದಲ್ಲಿ ಹೊಡೆದ ಆ ಒಂದು ಗೋಲಿನ ಲೆಕ್ಕದಲ್ಲಿ ಮೋಲ್ಡೆ ಮುಂದಕ್ಕೆ ಹೋಯಿತು, ಮಯೋರ್ಕಾ ಹೊರಬಿದ್ದಿತು.